ಚೇಳು ಕುಟುಕಿತು, ಇವತ್ತು ರಜೆ

ಕೇಳುಗರಿಗೆ ನಮಸ್ಕಾರ.

ಒಂದು ಹಾಜರಿ ಪಟ್ಟಿಯಿಂದ ಮಾತು ಶುರು ಮಾಡುತ್ತೇನೆ. ಸುಣ್ಣಕಲ್ಲಿನ ಚೂರಿನ ಮೇಲೆ ಬರೆದ ಪಟ್ಟಿ ಇದು. ಈಜಿಪ್ಟಿನದು, ಎರಡನೇ ರಾಮ್ಸೆಸ್ ದೊರೆ ಪಟ್ಟಕ್ಕೆ ಬಂದ 40ನೇ ವರ್ಷದ್ದು. ಮೂರು ಸಾವಿರ ವರ್ಷಕ್ಕೂ ಹಳೆಯದು. ಯಾರು ಯಾವತ್ತು ಕೆಲಸಕ್ಕೆ ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಗುಮಾಸ್ತ ಗುರುತು ಹಾಕಿದ್ದಾನೆ. ಒಬ್ಬನಿಗೆ ಚೇಳು ಕುಟುಕಿತ್ತು. ಒಬ್ಬನಿಗೆ ಕಣ್ಣುಬೇನೆ. ಒಬ್ಬನ ಮನೆಯಲ್ಲಿ ಸಾವು. ಇನ್ನೊಬ್ಬ ಮನೆಯಲ್ಲಿ ಬಿಯರ್ ಮಾಡುತ್ತಿದ್ದ! ಅದನ್ನೂ ಗುಮಾಸ್ತ ಸುಮ್ನೆ ಬರೆದುಕೊಂಡಿದ್ದಾನೆ.

ಈ ಕೆಲಸಗಾರರ ಊರಿಗೆ ಇವತ್ತಿನ ಹೆಸರು ದೇರ್ ಎಲ್ ಮದೀನಾ. ಲಕ್ಸರ್ ಪಟ್ಟಣದ ಎದುರು, ನೈಲ್ ನದಿಯ ಪಶ್ಚಿಮ ದಡದಲ್ಲಿ, ಬೋಳು ಗುಡ್ಡಗಳ ನಡುವೆ ಇದೆ. ಸುತ್ತುಗೋಡೆಯೊಳಗೆ 68ರಷ್ಟು ಮನೆಗಳು, ಒಂದಕ್ಕೊಂದು ಅಂಟಿಕೊಂಡು. ಇಲ್ಲಿನ ಗಂಡಸರು ರಾಜರ ಕಣಿವೆಯಲ್ಲಿ ಬಂಡೆ ಕೊರೆದು ದೊರೆಗಳಿಗೆ ಗೋರಿ ಮಾಡುತ್ತಿದ್ದರು. ಎಂಟು ದಿನ ಕೆಲಸ, ಎರಡು ದಿನ ಬಿಡುವು.

ಈಜಿಪ್ಟ್ ಅಂದ ಕೂಡಲೇ ಮೇಲೆ ದೊರೆ, ಕೆಳಗೆ ಬೆನ್ನು ಬಗ್ಗಿಸಿದ ರೈತರು, ಗುಲಾಮರು ಕಣ್ಣಿಗೆ ಬರುತ್ತಾರೆ, ಅಲ್ವಾ? ಇವರು ಎರಡರ ನಡುವಿನವರು. ಆಗ ನಾಣ್ಯ ಇರಲಿಲ್ಲ, ಸಂಬಳ ದವಸದಲ್ಲಿ. ಕೆಲಸಗಾರನಿಗೆ ತಿಂಗಳಿಗೆ 4 ಚೀಲ ಗೋಧಿ, ಒಂದೂವರೆ ಚೀಲ ಬಾರ್ಲಿ. ಒಂದು ಚೀಲಕ್ಕೆ ಸುಮಾರು 76 ಲೀಟರ್ ಹಿಡಿಯುತ್ತಿತ್ತು. ಮೇಸ್ತ್ರಿಗೆ ಐದೂವರೆ ಚೀಲ ಗೋಧಿ, 2 ಚೀಲ ಬಾರ್ಲಿ. ಮೇಸ್ತ್ರಿಗೂ ಕಲ್ಲು ಒಡೆಯುವವನಿಗೂ ಅಂತರ ಅಷ್ಟೇ ನೋಡಿ.

ಊರಿಗೆ ನೀರಿಲ್ಲ. ಕೆಳಗಿನ ಬಯಲಿಂದ ಕತ್ತೆಗಳ ಮೇಲೆ ತರಬೇಕು. ನೀರು ತರುವವರು, ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಎಲ್ಲರನ್ನೂ ಸರ್ಕಾರವೇ ನೇಮಿಸಿತ್ತು. ನೀರು ತರುವವನಿಗೆ ಎಷ್ಟೋ ಸಲ ಸ್ವಂತ ಕತ್ತೆ ಇರುತ್ತಿರಲಿಲ್ಲ. ಗೋರಿ ಕೊರೆಯುವವನೇ ಅವನಿಗೆ ಕತ್ತೆ ಬಾಡಿಗೆ ಕೊಡುತ್ತಿದ್ದ. ಬಾಡಿಗೆ ಬಾಕಿಯ ಜಗಳಗಳೂ ಕಲ್ಲಿನ ಚೂರುಗಳಲ್ಲಿವೆ. ಅರಮನೆಯ ಕಡೆ ಕೈಯೊಡ್ಡಿ ನಿಂತವರೇ ತಮ್ಮ ಕೆಳಗಿನವನನ್ನು ಸಾಲಗಾರ ಮಾಡಿದ್ದರು.

ಮೂರನೇ ರಾಮ್ಸೆಸ್‌ನ 29ನೇ ವರ್ಷದಲ್ಲಿ ಪಡಿ ಬರುವುದು ತಡವಾಯಿತು. ತಿಂಗಳಲ್ಲಿ 18 ದಿನ ಕಳೆದುಹೋಗಿತ್ತು. ಕೆಲಸಗಾರರು ಉಪಕರಣ ಬಿಟ್ಟು, ಕಾವಲುಗಳನ್ನು ದಾಟಿ, ಒಂದು ಗುಡಿಯ ಹಿಂದೆ ಹೋಗಿ ಕೂತುಬಿಟ್ಟರು. ಅಧಿಕಾರಿಗಳು ಬಂದು ಪುಸಲಾಯಿಸಿದರು. ಇವರು ಜಗ್ಗಲಿಲ್ಲ. ಹಸಿವು, ಬಾಯಾರಿಕೆ ನಮ್ಮನ್ನು ಇಲ್ಲಿಗೆ ತಂದಿದೆ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ, ದೊರೆಗೆ ತಿಳಿಸಿ ಅಂದರು. ಕೊನೆಗೆ ಹಿಂದಿನ ತಿಂಗಳ ಪಡಿ ಕೈಸೇರಿತು. ಬರಹದಲ್ಲಿ ದಾಖಲಾಗಿ ನಮಗೆ ಸಿಕ್ಕಿರುವ ಮೊದಲ ಮುಷ್ಕರ ಇದು. ಇಷ್ಟಕ್ಕೇ ನಿಲ್ಲಲೂ ಇಲ್ಲ, ಮತ್ತೆ ಪಡಿ ತಪ್ಪಿತು, ಮತ್ತೆ ಕೂತರು.

ಅದೇ ಊರಿನ ನೌನಖ್ತೆ ಎಂಬ ಅಜ್ಜಿಯ ಮಾತು ಹೇಳಿ ಮುಗಿಸುತ್ತೇನೆ. ಅಲ್ಲಿ ಹೆಂಗಸಿಗೂ ತನ್ನದೇ ಆಸ್ತಿ ಇರುತ್ತಿತ್ತು. ಐದನೇ ರಾಮ್ಸೆಸ್‌ನ 3ನೇ ವರ್ಷದಲ್ಲಿ ಈಕೆ ಊರ ಪಂಚಾಯಿತಿಯ ಮುಂದೆ ಉಯಿಲು ಬರೆಸಿದಳು. ಎಂಟು ಮಕ್ಕಳನ್ನು ಸಾಕಿದೆ, ಬೇಕಾದ್ದೆಲ್ಲ ಕೊಟ್ಟೆ, ಈಗ ಮುದುಕಿಯಾಗಿದ್ದೇನೆ, ಕೆಲವರು ನನ್ನನ್ನು ನೋಡಿಕೊಳ್ಳುತ್ತಿಲ್ಲ. ನೋಡಿಕೊಂಡವರಿಗೆ ಪಾಲು, ನೋಡದವರಿಗೆ ನನ್ನದರಲ್ಲಿ ಏನೂ ಇಲ್ಲ ಅಂದಳು. ಒಬ್ಬ ಮಗನಿಗೆ ಮಾತ್ರ ಎಲ್ಲರಿಗಿಂತ ಜಾಸ್ತಿ ಒಂದು ಕಂಚಿನ ಬೋಗುಣಿ ಕೊಟ್ಟಳು.

ನಮಸ್ಕಾರ.