‘ಉದ್ಭವಿಸುವುದಿಲ್ಲ’: ಸದನದ ಒಂದು ಪ್ರಶ್ನೆ, ಎಲ್‌ಐಸಿ ದುಡ್ಡು ಮತ್ತು ಮಂತ್ರಿಯ ರಾಜೀನಾಮೆ

[ಪರದೆ ಮೇಲೆ: ಎರಡು ಕಾಲಂ ಇರುವ ಹಾಳೆ. ಎಡಗಡೆ ‘ಪ್ರಶ್ನೆ’, ಬಲಗಡೆ ‘ಉತ್ತರ’.]

ನಮಸ್ಕಾರ. ಈ ಹಾಳೆ ನೋಡಿ. ನಮ್ಮ ವಿಧಾನಸಭೆಯಲ್ಲಿ ಶಾಸಕರ ಪ್ರಶ್ನೆಗೆ ಸರ್ಕಾರ ಉತ್ತರ ಕೊಡುವುದು ಹೆಚ್ಚುಕಡಿಮೆ ಈ ನಮೂನೆಯಲ್ಲೇ. (ಅ) ‘ಈ ವಿಷಯ ಸರ್ಕಾರದ ಗಮನಕ್ಕೆ ಬಂದಿದೆಯೇ?’ ಪಕ್ಕದಲ್ಲಿ: ‘ಇಲ್ಲ.’ (ಆ) ‘ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು?’ ಪಕ್ಕದಲ್ಲಿ ಒಂದೇ ಪದ: ‘ಉದ್ಭವಿಸುವುದಿಲ್ಲ.’

ಮುಗೀತು! ಮೊದಲ ಸಾಲಿಗೆ ‘ಇಲ್ಲ’ ಅಂದುಬಿಟ್ಟರೆ ಕೆಳಗಿನ ಸಾಲುಗಳಿಗೆ ಕೆಲಸವೇ ಇಲ್ಲ. ಇದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೇಳಿದ್ದಕ್ಕೆ ಅಷ್ಟೇ ಉತ್ತರ ಬಂದಿದೆ. ಹಾಗಾಗಿ ಹೇಗೆ ಕೇಳಿದರು ಅನ್ನೋದು ಬಹಳ ಮುಖ್ಯ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ದೆಹಲಿಯದ್ದು, 1957ರದ್ದು.

[ಪರದೆ ಮೇಲೆ: 1957, ಲೋಕಸಭೆ]

ಎಲ್‌ಐಸಿ ಆಗ ಒಂದು ವರ್ಷದ ಕೂಸು. 1956ರಲ್ಲಿ ಜೀವ ವಿಮಾ ಕಂಪನಿಗಳನ್ನೆಲ್ಲ ಸರ್ಕಾರ ತನ್ನ ಕೈಗೆ ತೆಗೆದುಕೊಂಡು ಇದನ್ನು ಕಟ್ಟಿತ್ತು. ಮನೆಮಂದಿ ಉಳಿಸಿ ಕಟ್ಟಿದ ಪ್ರೀಮಿಯಂ ದುಡ್ಡು ಅದರಲ್ಲಿತ್ತು. 1957ರ ಜೂನ್‌ನಲ್ಲಿ ಎಲ್‌ಐಸಿ ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಕೊಟ್ಟು ಆರು ಕಂಪನಿಗಳ ಷೇರು ಕೊಂಡಿತು. ಆರೂ ಹರಿದಾಸ್ ಮುಂದ್ರಾ ಎಂಬ ಒಬ್ಬನೇ ಉದ್ಯಮಿಯ ಹಿಡಿತದಲ್ಲಿದ್ದವು. ಆತ ಆಗ ದುಡ್ಡಿನ ಮುಗ್ಗಟ್ಟಿನಲ್ಲಿದ್ದ. ಇಂಥ ಖರೀದಿಗೆ ಸಲಹೆ ಕೊಡಲೆಂದೇ ಎಲ್‌ಐಸಿಯಲ್ಲಿ ಹೂಡಿಕೆ ಸಮಿತಿ ಇತ್ತು. ಅದನ್ನು ಕೇಳಲೇ ಇಲ್ಲ.

ಸೆಪ್ಟೆಂಬರ್‌ನಲ್ಲಿ ರಾಮ್ ಸುಭಗ್ ಸಿಂಗ್ ಎಂಬ ಸದಸ್ಯರು ಪ್ರಶ್ನೆ ಹಾಕಿದರು. ಕಾನ್ಪುರದಲ್ಲಿ ಮುಖ್ಯ ಕಚೇರಿ ಇರುವ ಖಾಸಗಿ ಉದ್ಯಮವೊಂದಕ್ಕೆ ಎಲ್‌ಐಸಿ ಒಂದು ಕೋಟಿ ಹಾಕಿದೆಯಂತೆ, ನಿಜವೇ ಅಂತ. ಹಾಗೇನಿಲ್ಲ ಅನ್ನುವ ಉತ್ತರ ಬಂತು. ಇಲ್ಲಿ ಸ್ವಲ್ಪ ನಿಲ್ಲೋಣ. ಕಾನ್ಪುರದ್ದು ಆರು ಕಂಪನಿಗಳಲ್ಲಿ ಒಂದು ಮಾತ್ರ. ಪೂರ್ತಿ ಕೋಟಿ ಹೋಗಿದ್ದು ಅದೊಂದಕ್ಕೇ ಅಲ್ಲ. ಪ್ರಶ್ನೆಯಲ್ಲಿ ಒಂದು ವಿವರ ಆಚೀಚೆ ಆಗಿತ್ತು, ಆ ಸಂದಿಯಲ್ಲಿ ಉತ್ತರ ನುಣುಚಿಕೊಂಡಿತು. ನಮ್ಮ ‘ಉದ್ಭವಿಸುವುದಿಲ್ಲ’ ಥರಾನೇ, ಅಲ್ವಾ?

ಮುಂದಿನ ಅಧಿವೇಶನದಲ್ಲಿ ಫಿರೋಜ್ ಗಾಂಧಿ ಇದರ ಬೆನ್ನು ಹತ್ತಿದರು. ರಾಯ್‌ಬರೇಲಿಯ ಸಂಸದ, ಆಳುವ ಪಕ್ಷದವರು, ಸಾಲದ್ದಕ್ಕೆ ಪ್ರಧಾನಿ ನೆಹರೂ ಅವರ ಅಳಿಯ. ಡಿಸೆಂಬರ್ 16ರಂದು ಎದ್ದು ನಿಂತಾಗ ಅವರ ಕೈಯಲ್ಲಿ ತಾರೀಖು, ಕಂಪನಿಯ ಹೆಸರು, ಷೇರಿನ ದರ ಎಲ್ಲ ಇತ್ತು. ಮಾರುಕಟ್ಟೆಯಲ್ಲಿ ಕೊಳ್ಳದೆ ಮುಂದ್ರಾ ಜೊತೆ ನೇರ ವ್ಯವಹಾರ ಯಾಕೆ? ಕೆಲವು ಷೇರಿಗೆ ಮಾರುಕಟ್ಟೆ ದರಕ್ಕಿಂತ ಜಾಸ್ತಿ ಕೊಟ್ಟಿದ್ದು ಯಾಕೆ? ಇದಕ್ಕೆ ‘ಇಲ್ಲ’ ಅಂತ ಹೇಳಿ ಕೂರಲು ಆಗುವುದಿಲ್ಲ.

ಸರ್ಕಾರ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರನ್ನು ವಿಚಾರಣೆಗೆ ನೇಮಿಸಿತು. ಅವರು ಬಾಗಿಲು ತೆರೆದಿಟ್ಟೇ ವಿಚಾರಣೆ ನಡೆಸಿದರು. ಜನ ಎಷ್ಟು ಸೇರಿದರೆಂದರೆ ಹೊರಗೆ ಲೌಡ್‌ಸ್ಪೀಕರ್ ಕಟ್ಟಬೇಕಾಯಿತು! ತಿಂಗಳೊಳಗೆ ಕೆಲಸ ಮುಗಿಯಿತು. ಅಧಿಕಾರಿ ಮಾಡಿದ್ದು, ನನಗೆ ಗೊತ್ತಿಲ್ಲ ಅಂತ ಮಂತ್ರಿ ಜಾರಿಕೊಳ್ಳುವ ಹಾಗಿಲ್ಲ ಎಂಬುದು ಛಾಗ್ಲಾ ಅವರ ತೀರ್ಮಾನ. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

[ಪರದೆ ಮೇಲೆ: ಒಂದು ಚುಕ್ಕೆ ಗುರುತು, ದೊಡ್ಡದಾಗಿ]

ಈಗ ಈ ಚುಕ್ಕೆಗೆ ಬರೋಣ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು. ಚುಕ್ಕೆ ಇಲ್ಲದ್ದಕ್ಕೆ ಬರೆದುಕೊಟ್ಟರೆ ಸಾಕು. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯವು 20, ಚುಕ್ಕೆ ಇಲ್ಲದವು 230. ಆ 20ರಲ್ಲೂ ಎಷ್ಟೋ ಪ್ರಶ್ನೆಗಳ ಸರದಿ ಬರುವಷ್ಟರಲ್ಲಿ ಪ್ರಶ್ನೋತ್ತರಕ್ಕೆ ಮೀಸಲಾದ ಒಂದು ಗಂಟೆ ಮುಗಿದಿರುತ್ತದೆ. ಗದ್ದಲದಲ್ಲಿ ಹಾಳಾಗುವ ಗಂಟೆಯೂ ಇದೇ. ಅದು ನನಗಂತೂ ಹೊಟ್ಟೆ ಉರಿಸುವ ವಿಷಯ.

ಯಾಕೆ ಗೊತ್ತಾ? ಬರೆದ ಉತ್ತರ ತಯಾರಾಗುವುದು ಇಲಾಖೆಯಲ್ಲಿ, ಅಧಿಕಾರಿಗಳ ಮೇಜಿನ ಮೇಲೆ. ಆದರೆ ಚುಕ್ಕೆ ಪ್ರಶ್ನೆಗೆ ಉಪಪ್ರಶ್ನೆ ಇರುತ್ತದೆ. ‘ಗಮನಕ್ಕೆ ಬಂದಿಲ್ಲ ಅಂದಿರಿ. ಹಾಗಾದರೆ ನಿಮ್ಮ ನಿಗಮಕ್ಕೆ ಬಂದ ಈ ದೂರು ಯಾರ ಗಮನಕ್ಕೆ ಬಂತು?’ ಇದಕ್ಕೆ ಅಲ್ಲೇ, ಆಗಲೇ ಉತ್ತರ ಬೇಕು. ಹಿಂದೆ ಕೂತ ಅಧಿಕಾರಿಗಳಿಂದ ಚೀಟಿ ಬರುತ್ತದೆ ನಿಜ, ಆದರೆ ಮಾತಾಡಬೇಕಾದ್ದು ಮಂತ್ರಿಯೇ.

‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು’ ಅಂತ ಬಂದರೆ ಬೇಜಾರಾಗಬೇಡಿ. ಅದು ಲೆಕ್ಕಕ್ಕೆ ಸಿಗುವ ಮಾತು. ಲೋಕಸಭೆಯ ಭರವಸೆಗಳ ಸಮಿತಿ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಈಡೇರಿಸಲು ಮೂರು ತಿಂಗಳ ಗಡುವು.

ಇನ್ನು ನಿಯಮಗಳು. ಸದನ ಕಾಯ್ದೆ ಮಾಡುತ್ತದೆ, ಆದರೆ ಫೀಸು ಎಷ್ಟು, ಅರ್ಜಿ ಎಲ್ಲಿ, ಗಡುವು ಯಾವಾಗ ಎಂಬ ನಿಯಮ ಬರೆಯುವುದು ಇಲಾಖೆ. ಇಂಥ ನಿಯಮಗಳನ್ನು ಸದನದ ಮುಂದೆ ಇಡಬೇಕು, ಸಾಮಾನ್ಯವಾಗಿ 30 ದಿನ. ಬಹಳಷ್ಟನ್ನು ಯಾರೂ ತೆರೆದೂ ನೋಡುವುದಿಲ್ಲ. 2012ರಲ್ಲಿ ಕೇರಳದ ರಾಜ್ಯಸಭಾ ಸದಸ್ಯ ಪಿ. ರಾಜೀವ್ ನೋಡಿದರು. ಇಂಟರ್‌ನೆಟ್‌ನಲ್ಲಿ ಹಾಕಿದ್ದರ ಬಗ್ಗೆ ದೂರು ಬಂದರೆ ವೆಬ್‌ಸೈಟ್‌ನವರು 36 ಗಂಟೆಯೊಳಗೆ ಕ್ರಮಕ್ಕೆ ಇಳಿಯಬೇಕು ಎಂಬ 2011ರ ನಿಯಮಗಳನ್ನು ರದ್ದು ಮಾಡಿ ಎಂದು ಗೊತ್ತುವಳಿ ತಂದರು. ಗೊತ್ತುವಳಿ ಬಿದ್ದುಹೋಯಿತು. ಆದರೆ ಎಲ್ಲರ ಜೊತೆ ಚರ್ಚಿಸುತ್ತೇವೆ ಎಂದು ಮಂತ್ರಿ ಕಪಿಲ್ ಸಿಬಲ್ ಒಪ್ಪಬೇಕಾಯಿತು. 2015ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮದ ವ್ಯಾಪ್ತಿಯನ್ನು ಮೊಟಕು ಮಾಡಿತು. ಯಾರೋ ದೂರು ಕೊಟ್ಟರೆ ಸಾಲದು, ಕೋರ್ಟಿನ ಆದೇಶವೋ ಸರ್ಕಾರದ ಸೂಚನೆಯೋ ಬೇಕು ಅಂತ.

[ಪರದೆ ಮೇಲೆ: ಮತ್ತೆ ಮೊದಲಿನ ಹಾಳೆ]

ನಮ್ಮ ವಿಧಾನಸಭೆ, ವಿಧಾನ ಪರಿಷತ್ತಿನ ವೆಬ್‌ಸೈಟ್‌ಗಳಲ್ಲಿ ಇಂಥ ಉತ್ತರಗಳು ಕನ್ನಡದಲ್ಲೇ ಸಿಗುತ್ತವೆ. ನಿಮ್ಮ ಕ್ಷೇತ್ರದ ಶಾಸಕರು ಕೇಳಿದ್ದನ್ನು ಹುಡುಕಿ. ಮೊದಲು ಬಲಗಡೆ ಕಾಲಂ ನೋಡಿ, ‘ಉದ್ಭವಿಸುವುದಿಲ್ಲ’ ಎಲ್ಲೆಲ್ಲಿದೆ ಅಂತ. ಸಿಕ್ಕಿತಾ? ಈಗ ಎಡಗಡೆಗೆ ಬನ್ನಿ, ಸೀದಾ (ಅ) ಸಾಲಿಗೆ. ಅಲ್ಲಿ ಊರಿನ ಹೆಸರು ಇದೆಯಾ? ತಾರೀಖು? ಮೊತ್ತ? ಅಥವಾ ಸುಮ್ನೆ ‘ಗಮನಕ್ಕೆ ಬಂದಿದೆಯೇ’ ಅಂತ ಕೇಳಿ ಬಿಟ್ಟಿದ್ದಾರಾ? ಸಿಕ್ಕಿದ್ದನ್ನು ಕಾಮೆಂಟ್‌ನಲ್ಲಿ ಹಾಕಿ.