ಬಳ್ಳಿಗೆ ನಿದ್ದೆ

ಕೇಳುಗರಿಗೆ ನಮಸ್ಕಾರ.

ಅಕ್ಟೋಬರ್ ಚಾಟಣಿಯ, ಅಂದರೆ ಬಳ್ಳಿ ಸವರುವ ದಿನಗಳಿವು. ಕೊಪ್ಪಳ ಸೀಮೆಯ ದ್ರಾಕ್ಷಿ ಬೆಳೆಗಾರರ ಕೈಗೆ ಮತ್ತೆ ಕತ್ತರಿ ಬಂದಿದೆ. ಏಪ್ರಿಲ್‌ನಲ್ಲಿ ಹೊಸ ಕಡ್ಡಿ ಬೆಳೆಯಲೆಂದು ಸವರಿದ್ದಾಯಿತು, ಈಗ ಹಣ್ಣಿಗೆಂದು ಸವರಬೇಕು. ವರ್ಷಕ್ಕೆ ಎರಡು ಸಲ ಯಾಕೆ? ನಮ್ಮ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ, ಅದಕ್ಕೆ.

ನಿದ್ದೆ ಹೋಗುವ ಬಳ್ಳಿ ಬೇಕೆಂದರೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್‌ಗೆ ಹೋಗಬೇಕು. ಹಿಮನದಿಗಳು ಕೊರೆದಿಟ್ಟ ಹನ್ನೊಂದು ಸರೋವರಗಳು, ಚಾಚಿದ ಬೆರಳುಗಳ ಹಾಗೆ. ಸೆನೆಕಾ ಸರೋವರದ ಆಳ 188 ಮೀಟರ್. ನಮ್ಮ ಮುನಿರಾಬಾದಿನ ಅಣೆಕಟ್ಟು ಸುಮಾರು 49 ಮೀಟರ್ ಎತ್ತರ. ಅಂಥ ಮೂರನ್ನು ಒಂದರ ಮೇಲೊಂದು ನಿಲ್ಲಿಸಿದರೂ ಅದರಲ್ಲಿ ಮುಳುಗಿಹೋದಾವು. ಅಷ್ಟು ನೀರು ಬೇಸಿಗೆಯ ಬಿಸಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಚಳಿಗಾಲದಲ್ಲಿ ದಂಡೆಯ ಇಳಿಜಾರಿಗೆ ಬಿಟ್ಟುಕೊಡುತ್ತದೆ. ವಸಂತದಲ್ಲಿ ಇದರ ತಿರುಗುಮುರುಗು: ತಣ್ಣಗಿನ ನೀರು ಮೊಗ್ಗನ್ನು ಬೇಗ ಕಣ್ಣು ಬಿಡಗೊಡುವುದಿಲ್ಲ, ಹಿಮದ ಗಂಡಾಂತರ ಅಷ್ಟರಲ್ಲಿ ದಾಟಿರುತ್ತದೆ.

ಆದರೂ ಯುರೋಪಿನ ಬಳ್ಳಿ ಅಲ್ಲಿ ಬದುಕದು ಎಂದೇ ಬಹಳ ಕಾಲ ನಂಬಿದ್ದರು. ಕಾಂಕರ್ಡ್, ಕಟಾಬಾ ಎಂಬ ನಾಡತಳಿಗಳೇ ಗತಿ. 1951ರಲ್ಲಿ ಉಕ್ರೇನ್ ಮೂಲದ ಕಾನ್‌ಸ್ಟಾಂಟಿನ್ ಫ್ರಾಂಕ್ ಅಮೆರಿಕಕ್ಕೆ ಬಂದರು. ಅದಕ್ಕಿಂತ ಕೊರೆಯುವ ಚಳಿಯಲ್ಲಿ ದ್ರಾಕ್ಷಿ ಬೆಳೆದ ಮನುಷ್ಯ. ಚಳಿ ತಡೆಯುವ ಬೇರಿಗೆ ಕಸಿ ಕಟ್ಟಿದರೆ ಆದೀತು ಎಂದರು, ಮಾಡಿಯೂ ತೋರಿಸಿದರು. 1962ರಲ್ಲಿ ಕ್ಯೂಕಾ ಸರೋವರದ ದಂಡೆಯಲ್ಲಿ ತಮ್ಮದೇ ವೈನರಿ ತೆರೆದರು. ಈಗ ಆ ಸೀಮೆಗೆ ಹೆಸರು ತಂದಿರುವುದು ರೀಸ್ಲಿಂಗ್ ಎಂಬ ಬಿಳಿ ವೈನ್. ತಂಪಿನಲ್ಲಿ ನಿಧಾನಕ್ಕೆ ಮಾಗುವ ಕಾಯಿ ಹುಳಿ ಕಳೆದುಕೊಳ್ಳುವುದಿಲ್ಲ, ಅದೇ ಆ ವೈನಿನ ಜೀವ. ನಮ್ಮ ಮಾರ್ಚ್ ಬಿಸಿಲಿಗೆ ಸಕ್ಕರೆ ಏರುತ್ತದೆ, ಹುಳಿ ಇಳಿದುಬಿಡುತ್ತದೆ.

ಚಳಿಗಾಲಕ್ಕೆ ಮುಂಚೆ ಅವರು ಕಸಿಗಂಟಿನ ಮೇಲೆ ಮಣ್ಣೇರಿಸಿ ಬಳ್ಳಿಗೆ ಕೌದಿ ಹೊದಿಸುತ್ತಾರೆ. ಕಸಿ ನಮ್ಮಲ್ಲೂ ಉಂಟು. ನಾವು ಕಸಿಗೆ ಬಳಸುವ ಡಾಗ್‌ರಿಜ್ ಎಂಬ ಬೇರೂ ಅಮೆರಿಕದ್ದೇ. ನಾವು ತಂದದ್ದು ಚಳಿಗಲ್ಲ, ಸವಳು ಮಣ್ಣಿಗೆ, ನೀರಿನ ಬರಕ್ಕೆ.

ಚಳಿ ಸಾಲದ ನಮ್ಮ ಮೊಗ್ಗುಗಳನ್ನು ಒಟ್ಟಿಗೆ ಎಬ್ಬಿಸಲು ಚಾಟಣಿಯಾದ ಮೇಲೆ ಹೈಡ್ರೋಜನ್ ಸೈನಮೈಡ್ ಹಚ್ಚುತ್ತೇವಲ್ಲ, ಅದರ ಬಗ್ಗೆ ಒಂದು ಮಾತು. ವೈನಿನ ಕಥೆ ಹೇಳಿ ಇದನ್ನು ಹೇಳುವುದು ತಮಾಷೆಯೇ, ಆದರೆ ಆ ಔಷಧಿ ಮುಟ್ಟಿದವರು ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಜೀವಕ್ಕೇ ಅಪಾಯ ಬರಬಹುದು. ಹಚ್ಚುವ ಹಿಂದಿನ ದಿನವೂ ಬೇಡ, ಹಚ್ಚಿದ ಮೇಲೆ ಕೆಲ ದಿನವೂ ಬೇಡ. ಕೈಗವಸು ಕೊಡುವಾಗಲೇ ಆಳುಗಳಿಗೆ ಇದನ್ನೂ ಹೇಳಿ.

ನಮಸ್ಕಾರ.