ಹಳೇ ಡ್ರಿಪ್ ಪೈಪು, ಹರಿದ ಮಲ್ಚಿಂಗ್ ಹಾಳೆ

ಕೇಳುಗರಿಗೆ ನಮಸ್ಕಾರ.

ಪ್ಲಾಸ್ಟಿಕ್ ಕಸ ಅಂದ ಕೂಡಲೇ ಎಲ್ಲರೂ ನೀರಿನ ಬಾಟಲಿ, ಕ್ಯಾರಿಬ್ಯಾಗ್ ಬಗ್ಗೆ ಮಾತಾಡುತ್ತಾರೆ. ಅದು ಪೇಟೆಯ ಕಸ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇನ್ನೊಂದು ಕಸ ಇದೆ, ಹೊಲದ್ದು. ಕುಷ್ಟಗಿ ಕಡೆಯ ದಾಳಿಂಬೆ ತೋಟದಲ್ಲಿ ಸುತ್ತಿ ಎಸೆದ ಡ್ರಿಪ್ ಪೈಪು, ಕಳೆ ಬಾರದಿರಲಿ, ತೇವ ಉಳಿಯಲಿ ಅಂತ ಕಲ್ಲಂಗಡಿ ಸಾಲಿಗೆ ಹಾಸಿದ ಮಲ್ಚಿಂಗ್ ಹಾಳೆ, ಮೆಣಸಿನ ಹೊಲದ ಬದುವಿನಲ್ಲಿ ಬಿದ್ದ ಔಷಧಿ ಬಾಟಲಿ, ಸಿಂಧನೂರು, ಗಂಗಾವತಿಯ ಗದ್ದೆಗಳಲ್ಲಿ ಯೂರಿಯಾ ಚೀಲ. ಇವು ಎಲ್ಲಿಗೆ ಹೋಗಬೇಕು?

ಚೀಲದ ಚಿಂತೆ ಬೇಡ. 45 ಕಿಲೋ ಯೂರಿಯಾ ಚೀಲವನ್ನು ನಮ್ಮ ಹೆಣ್ಣುಮಕ್ಕಳು ಯಾವತ್ತೂ ಕಸ ಅಂದುಕೊಂಡಿಲ್ಲ. ಹತ್ತಾರು ಚೀಲ ಬಿಚ್ಚಿ, ತೊಳೆದು, ಕೌದಿ ಹೊಲಿದ ಹಾಗೆ ಜೋಡಿಸಿದರೆ ಬಣವೆಗೆ ಮುಚ್ಚುವ ತಾಡಪತ್ರಿ ಆಯಿತು. ಕಾಳುಕಡಿ ತುಂಬೋಕೆ ಮಾತ್ರ ಅದು ಬೇಡ.

ಡ್ರಿಪ್‌ನ ಕಪ್ಪು ಪೈಪಿಗೂ ಗಿರಾಕಿ ಇದ್ದಾರೆ. ಅದು ಪಾಲಿಥೀನ್. ಕತ್ತರಿಸಿ, ತೊಳೆದು, ಕರಗಿಸಿ ಸಣ್ಣ ಸಣ್ಣ ಕಾಳು ಮಾಡುತ್ತಾರೆ. ಗುಜರಿ ವ್ಯಾಪಾರದವರು ಇದಕ್ಕೆ ದಾಣಾ ಅಂತಾರೆ. ಆ ದಾಣಾದಿಂದ ಮತ್ತೆ ಕಪ್ಪು ಪೈಪು, ಗಿಡದ ಕುಂಡ ಆಗುತ್ತವೆ. ಆದರೆ ಅದರ ಜೊತೆ ಬಿಳಿ ಪಿವಿಸಿ ಪೈಪಿನ ತುಂಡು ಸೇರಿಸಬಾರದು. ಪಿವಿಸಿಯಲ್ಲಿ ಕ್ಲೋರಿನ್ ಇದೆ. ಕಾಯಿಸಿದರೆ ಆಮ್ಲದ ಹೊಗೆ ಬರುತ್ತದೆ, ಇಡೀ ಮಾಲು ಕೆಡುತ್ತದೆ. ಮನೆಯಲ್ಲಿ ನೀರೊಲೆ ಹಚ್ಚೋಕೆ ಸಿಕ್ಕ ಕವರು, ಪೈಪಿನ ತುಂಡು ತುರುಕುವವರಿಗೂ ಇದೇ ಮಾತು. ಆ ಹೊಗೆ ಮೊದಲು ಹೋಗುವುದು ಒಲೆ ಮುಂದೆ ಕೂತವರ ಎದೆಗೆ.

ಕಷ್ಟ ಇರುವುದು ಮಲ್ಚಿಂಗ್ ಹಾಳೆಯದು. ತೀರಾ ತೆಳು. ಬಿಸಿಲಿಗೆ ಪುಡಿಯಾಗುತ್ತದೆ. ಕಿತ್ತು ತಂದರೆ ತೂಕದಲ್ಲಿ ಮಣ್ಣೇ ಜಾಸ್ತಿ. ಗುಜರಿಯವರು ಬೇಡ ಅಂದರೆ ಅವರದು ತಪ್ಪಲ್ಲ. ಸ್ವಲ್ಪ ದಪ್ಪ ಹಾಳೆ ಹಾಸಿ, ಹರಿದು ಚೂರಾಗುವ ಮುಂಚೆ ಎತ್ತಿ, ಝಾಡಿಸಿ, ಒಣಗಿಸಿ ಇಟ್ಟರೆ ಅದಕ್ಕೂ ದಾರಿ ಇದೆ.

ಒಂದು ದಾರಿ ಅಂದರೆ ನಿಜವಾದ ದಾರಿಯೇ, ಡಾಂಬರು ರಸ್ತೆ. ಮದುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ರಾಜಗೋಪಾಲನ್ ವಾಸುದೇವನ್ ಇದನ್ನು ಮಾಡಿ ತೋರಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಉಪಾಯ ಸರಳ. ಜಲ್ಲಿಯನ್ನು ಸುಮಾರು 160-170 ಡಿಗ್ರಿಗೆ ಕಾಯಿಸುತ್ತಾರೆ. ಅದರ ಮೇಲೆ ಪ್ಲಾಸ್ಟಿಕ್ ಚೂರು ಉದುರಿಸಿದರೆ ಒಂದು ನಿಮಿಷದೊಳಗೆ ಕರಗಿ ಕಲ್ಲಿಗೆ ತೆಳುವಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಡಾಂಬರು. ಕಲ್ಲಿಗೂ ಡಾಂಬರಿಗೂ ಮಧ್ಯೆ ನೀರು ಸುಲಭವಾಗಿ ನುಗ್ಗುವುದಿಲ್ಲ, ಜಲ್ಲಿ ಕಿತ್ತು ಬರುವುದು ಕಡಿಮೆಯಾಗುತ್ತದೆ. ಬಿಸಿಲಿಗೆ ಮೆತ್ತಗಾಗುವುದೂ ಕಡಿಮೆ. ರಾಯಚೂರಿನ ಏಪ್ರಿಲ್-ಮೇ ತಿಂಗಳ ಬಿಸಿಲು ಕಂಡವರಿಗೆ ಇದರ ಬೆಲೆ ಗೊತ್ತು, ಅಲ್ವಾ? ಒಂದೇ ಲೇನಿನ ಒಂದು ಕಿಲೋಮೀಟರ್ ರಸ್ತೆಗೆ ಸುಮಾರು ಒಂದು ಟನ್ ಪ್ಲಾಸ್ಟಿಕ್ ಹಿಡಿಯುತ್ತದೆ. ರಸ್ತೆ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಇದಕ್ಕೆ ನಿಯಮವನ್ನೂ ಬರೆದಿದೆ. ಅದರ ಪ್ರಕಾರ ಪ್ಲಾಸ್ಟಿಕ್‌ನಲ್ಲಿ ಧೂಳು ಶೇಕಡಾ 1 ದಾಟಬಾರದು, ಪಿವಿಸಿ ಹಾಕಲೇಬಾರದು. ಹಾಗಂತ ಇದು ಮಂತ್ರವಲ್ಲ. ಅಡಿಪಾಯ ಸರಿಯಿಲ್ಲದ ರಸ್ತೆಯ ಮೇಲೆ ಅದಿರಿನ ಲಾರಿ ಓಡಿದರೆ ಯಾವ ಪ್ಲಾಸ್ಟಿಕ್ಕೂ ಅದನ್ನು ಉಳಿಸಲ್ಲ.

ಚಿಪ್ಸ್ ಪ್ಯಾಕೆಟ್, ಗುಟ್ಕಾ ಚೀಟಿ ಇವೆಯಲ್ಲ, ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಂ ಬಳಿದಿರುವಂಥವು, ಅವನ್ನು ಬಿಡಿಸಿ ದಾಣಾ ಮಾಡುವುದು ದುಬಾರಿ ಕೆಲಸ. ಅಂಥದ್ದನ್ನು ಸಿಮೆಂಟ್ ಕಾರ್ಖಾನೆಗಳು ಕಲ್ಲಿದ್ದಲಿನ ಜೊತೆ ಉರಿಸುತ್ತವೆ. ಕುಲುಮೆಯೊಳಗೆ 1,400 ಡಿಗ್ರಿಗೂ ಜಾಸ್ತಿ ಶಾಖ ಇರುತ್ತದೆ, ಉಳಿದ ಬೂದಿ ಸಿಮೆಂಟಿನಲ್ಲೇ ಸೇರಿಹೋಗುತ್ತದೆ. ಯಾದಗಿರಿ ದಾಟಿದರೆ ಸಿಗುವ ಕಲಬುರಗಿ ಜಿಲ್ಲೆಯಲ್ಲಿ ಇಂಥ ಕಾರ್ಖಾನೆಗಳ ಸಾಲೇ ಇದೆ. ಇದನ್ನು ಮರುಬಳಕೆ ಅನ್ನೋಕೆ ನನಗೆ ಮನಸ್ಸಿಲ್ಲ. ಸುಟ್ಟದ್ದು ಸುಟ್ಟದ್ದೇ. ಆದರೂ ಬಯಲಲ್ಲಿ ಸುಡುವುದಕ್ಕಿಂತ ನೂರು ಪಾಲು ವಾಸಿ.

ಉಕ್ಕಿನ ಕಾರ್ಖಾನೆಯಲ್ಲೂ ಪ್ಲಾಸ್ಟಿಕ್ ಕೆಲಸಕ್ಕೆ ಬರುತ್ತದೆ ಅಂದರೆ ಬಳ್ಳಾರಿಯವರು ಕಿವಿ ನಿಮಿರಿಸಬೇಕು. ಜಪಾನಿನ ಕವಾಸಾಕಿಯಲ್ಲಿ 1996ರಿಂದ ಇದನ್ನು ಮಾಡಿದ್ದಾರೆ. ಅದಿರಿನಿಂದ ಆಮ್ಲಜನಕ ಕಿತ್ತರೆ ಕಬ್ಬಿಣ ಸಿಗುತ್ತದೆ. ಆ ಕೆಲಸಕ್ಕೆ ಕಲ್ಲಿದ್ದಲಿನಿಂದ ಮಾಡುವ ಕೋಕ್ ಬೇಕು. ಪ್ಲಾಸ್ಟಿಕ್‌ನಲ್ಲಿ ಇಂಗಾಲ, ಜಲಜನಕ ಎರಡೂ ಇರುವುದರಿಂದ ಕೋಕ್‌ನ ಒಂದಿಷ್ಟು ಪಾಲನ್ನು ಅದೇ ತುಂಬಿಕೊಡುತ್ತದೆ. ಸಂಡೂರಿನ ಅದಿರು, ತೋರಣಗಲ್ಲಿನ ಕುಲುಮೆ ನಮ್ಮ ಕೈಯಳತೆಯಲ್ಲೇ ಇವೆ.

ಬಾಟಲಿ ವಿಷಯ ಬೇಗ ಮುಗಿಸುತ್ತೇನೆ. ನೀರಿನ ಬಾಟಲಿ ಪೆಟ್, ಅಂದರೆ ಪಾಲಿಯೆಸ್ಟರ್ ವಂಶದ್ದೇ. ಕರಗಿಸಿ ಎಳೆದರೆ ನೂಲು. 2023ರ ಫೆಬ್ರುವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಸಂಸತ್ತಿಗೆ ಹಾಕಿಕೊಂಡು ಬಂದ ತಿಳಿನೀಲಿ ಜಾಕೆಟ್ ಇಂಥ ಬಟ್ಟೆಯದೇ. ಜೀನ್ಸ್ ಹೊಲಿಯುವ ಬಳ್ಳಾರಿಗೆ ನೂಲಿನ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಈಗ ಪಂಚಾಯಿತಿಗಳ ಕಡೆ ಬರೋಣ. ಸ್ವಚ್ಛ ಭಾರತ್ ಗ್ರಾಮೀಣದ ಎರಡನೇ ಹಂತದಲ್ಲಿ ಒಂದೊಂದು ಬ್ಲಾಕಿಗೆ, ಅಂದರೆ ತಾಲ್ಲೂಕಿಗೆ, ಪ್ಲಾಸ್ಟಿಕ್ ಘಟಕ ಕಟ್ಟೋಕೆ 16 ಲಕ್ಷ ರೂಪಾಯಿವರೆಗೆ ಅವಕಾಶ ಕೊಟ್ಟಿದ್ದಾರೆ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವಷ್ಟು ದೊಡ್ಡ ಘಟಕವನ್ನೇ ಕಟ್ಟಿದ್ದಾರೆ. ನಮ್ಮಲ್ಲೂ ಸ್ವಚ್ಛ ವಾಹಿನಿ ಗಾಡಿಗಳಿವೆ, ಎಷ್ಟೋ ಕಡೆ ಅವನ್ನು ಹೆಣ್ಣುಮಕ್ಕಳೇ ಓಡಿಸುತ್ತಾರೆ. ಆ ಗಾಡಿ ಮನೆ ಬಾಗಿಲಿಗೆ ಬಂದರೆ ಸಾಲದು. ಬೆಳೆ ಎತ್ತಿದ ಮೇಲೆ ವರ್ಷಕ್ಕೆ ಎರಡು ಸಲವಾದರೂ ಹೊಲದ ದಾರಿ ಹಿಡಿಯಬೇಕು. ಗ್ರಾಮಸಭೆಯಲ್ಲಿ ರೈತರು ಇದನ್ನು ಕೇಳಿ ಬರೆಸಬಹುದು.

ಗಾಡಿಗೆ ಕೊಡುವಾಗ ಔಷಧಿ ಬಾಟಲಿ ಮಾತ್ರ ಬೇರೆ ಚೀಲದಲ್ಲಿರಲಿ. ಖಾಲಿಯಾದ ತಕ್ಷಣ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪಡಿಸುವ ಡಬ್ಬಿಗೇ ಸುರಿಯಿರಿ. ಹಳ್ಳಕ್ಕೆ, ಕಾಲುವೆಗೆ ಬೇಡ. ಆಮೇಲೆ ಬಾಟಲಿಯ ತಳಕ್ಕೆ ತೂತು ಹೊಡೆಯಿರಿ. ಆಗ ಅದರಲ್ಲಿ ಕುಡಿಯೋ ನೀರನ್ನೋ ಎಣ್ಣೆಯನ್ನೋ ತುಂಬಿಡೋಕೆ ಯಾರಿಗೂ ಆಗುವುದಿಲ್ಲ.